ಹ್ಯಾಂಡಲ್ ಎತ್ತರಿಸಿದೆ, ಅಂಗೈಯ ಜೋಮು ಹೋಯಿತು

ಅರ್ಧ ಗಂಟೆ ಸೈಕಲ್ ತುಳಿದರೆ ಸಾಕು, ಅಂಗೈ ಜೋಮು ಹಿಡಿಯುತ್ತಿತ್ತು, ಕತ್ತು ನೋಯುತ್ತಿತ್ತು. ಹ್ಯಾಂಡಲ್ ಸೀಟಿಗಿಂತ 5 ಸೆಂ.ಮೀ. ಕೆಳಗಿದ್ದು, ಮೈಭಾರವೆಲ್ಲ ಕೈಗಳ ಮೇಲೆ ಬೀಳುತ್ತಿತ್ತು. ಸೀಟಿನ ಎತ್ತರ ಮೊದಲು ಸರಿಮಾಡಿ, ಹ್ಯಾಂಡಲ್ ಆಮೇಲೆ. ತೀರಾ ಕೆಳಗಿರುವ ಪೆಡಲ್ ಮೇಲೆ ಹಿಮ್ಮಡಿಯಿಟ್ಟರೆ ಕಾಲು ನೆಟ್ಟಗಾಗಬೇಕು.

ಹ್ಯಾಂಡಲನ್ನು ಹಿಡಿದಿಡುವ ಕಂಬಿಯೇ ಸ್ಟೆಮ್. ನನ್ನದು ಹಳೇ ಮಾದರಿಯದು. ಮುಂದಿನ ಚಕ್ರ ಹಿಡಿದಿರುವ ಫೋರ್ಕಿನ ಕೊಳವೆಯೊಳಗೆ ಇಳಿದಿರುತ್ತದೆ, ನೆತ್ತಿಯಲ್ಲಿ ಒಂದು ಉದ್ದನೆಯ ಬೋಲ್ಟ್. 6 ಎಂ.ಎಂ. ಅಲೆನ್ ಕೀಯಿಂದ (ಆರು ಮೂಲೆಯ ಕಡ್ಡಿ ಕೀ) ಮೂರು ಸುತ್ತು ಸಡಿಲಿಸಿದೆ. ಕೆಲವಕ್ಕೆ 13ರ ಸ್ಪ್ಯಾನರ್ ಬೇಕು. ಬೋಲ್ಟ್ ಸಡಿಲವಾದರೂ ಹ್ಯಾಂಡಲ್ ಅಲುಗಲಿಲ್ಲ. ಹಲವರು ಇಲ್ಲೇ ಜೋರಾಗಿ ಎಳೆದು ಸೋಲುವುದು. ಒಳಗಿನ ಬೆಣೆ ಕೊಳವೆಗೆ ಕಚ್ಚಿಕೊಂಡಿರುತ್ತದೆ. ಮೇಲೆದ್ದ ಬೋಲ್ಟ್ ತಲೆಯ ಮೇಲೆ ಮರದ ತುಂಡಿಟ್ಟು ಸುತ್ತಿಗೆಯಿಂದ ಒಂದೇಟು ಕೊಟ್ಟೆ. ಟಕ್ ಎಂದು ಬೆಣೆ ಬಿಟ್ಟಿತು, ಬೋಲ್ಟ್ ತಲೆ ತನ್ನ ಜಾಗಕ್ಕೆ ಇಳಿಯಿತು.

ಮುಂದಿನ ಚಕ್ರವನ್ನು ಮೊಣಕಾಲುಗಳ ನಡುವೆ ಹಿಡಿದು, ಹ್ಯಾಂಡಲನ್ನು ಅತ್ತಿತ್ತ ತಿರುಗಿಸುತ್ತಾ ಹೊರಗೆಳೆದೆ. ತುಕ್ಕು ಒರೆಸಿ, ತೆಳ್ಳಗೆ ಗ್ರೀಸ್ ಸವರಿ, ಮೊದಲಿಗಿಂತ 4 ಸೆಂ.ಮೀ. ಮೇಲೆ ಕೂರಿಸಿದೆ. ಸ್ಟೆಮ್ ಮೇಲೆ ಕೊರೆದ ಮಿತಿಯ ಗೆರೆ ಕೊಳವೆಯೊಳಗೇ ಮುಚ್ಚಿರಬೇಕು, ದಯವಿಟ್ಟು ಇದರಲ್ಲಿ ರಾಜಿ ಬೇಡ. ಗೆರೆ ಹೊರಗೆ ಕಂಡರೆ ಓಡಿಸುವಾಗಲೇ ಸ್ಟೆಮ್ ಮುರಿಯಬಹುದು.

ಬಿಗಿ ಮಾಡಿದ ಮೇಲೆ ಚಕ್ರ ಹಿಡಿದು ಹ್ಯಾಂಡಲ್ ತಿರುಚಿ ನೋಡಿ, ಜಾರಕೂಡದು. ಹ್ಯಾಂಡಲ್ ಮೇಲೇರಿದ್ದರಿಂದ, ಎಡಕ್ಕೆ ಪೂರ್ತಿ ತಿರುಗಿಸಿದಾಗ ಮುಂದಿನ ಬ್ರೇಕ್ ವಯರ್ ಎಳೆದುಕೊಂಡು ಬ್ರೇಕ್ ತಾನಾಗಿ ಹಿಡಿಯುತ್ತಿತ್ತು. ಒಳಗಿನ ವಯರ್, ಹೊರಕವಚ ಎರಡನ್ನೂ ಉದ್ದದ್ದಕ್ಕೆ ಬದಲಿಸಿದೆ.