ಗುಳಿಗೆ ಕೊಡುವ ದಿನ ಕಿರುಬೆರಳನ್ನೂ ನೋಡಿ

ಕುಷ್ಠರೋಗ ಹತ್ತು ಸಾವಿರಕ್ಕೆ ಒಬ್ಬರಿಗಿಂತ ಕೆಳಗಿಳಿಯಿತೆಂದು ನಮ್ಮ ದೇಶ ಲೆಕ್ಕ ಕೊಟ್ಟಿದ್ದು 2005ರ ಡಿಸೆಂಬರ್‌ನಲ್ಲಿ. ಸೋಂಕು ತಗುಲಿ ಮಚ್ಚೆ ಏಳಲು ಸರಾಸರಿ 5 ವರ್ಷ, ಕೆಲವರಿಗೆ 20 ವರ್ಷ ಹಿಡಿಯುತ್ತದೆ. ಹಾಗಾಗಿ ಹೊಸ ರೋಗಿಗಳು ಬರುತ್ತಲೇ ಇದ್ದಾರೆ.

ಮಚ್ಚೆಯಲ್ಲಿ ಸ್ಪರ್ಶ ಇದೆಯೇ ಎಂದು ನೋಡಲು ನಾನು ಬಳಸುವುದು ಬಾಲ್ ಪೆನ್. ಮೊದಲು ಕಣ್ಣು ತೆರೆದಿರುವಾಗಲೇ ಮುಟ್ಟಿ ತೋರಿಸುತ್ತೇನೆ, ಆಮೇಲೆ ಕಣ್ಣು ಮುಚ್ಚಿಸಿ ಮುಟ್ಟಿದ ಜಾಗಕ್ಕೆ ಬೆರಳಿಡಲು ಹೇಳುತ್ತೇನೆ. ‘ಗೊತ್ತಾಯ್ತಾ?’ ಅಂತ ಕೇಳಿದರೆ ಎಲ್ಲರೂ ‘ಹೂಂ’ ಅನ್ನುತ್ತಾರೆ. ಪೆನ್ ಎಳೆಯಬಾರದು, ನೇರವಾಗಿ ತಾಗಿಸಿ ತೆಗೆಯಬೇಕು. ಮುಖದ ಮಚ್ಚೆಯಲ್ಲಿ ಸ್ಪರ್ಶ ಉಳಿದಿರಬಹುದು, ಅಷ್ಟಕ್ಕೇ ಕೈಬಿಡಬೇಡಿ.

ಬಹುತೇಕ ಕಡೆ ತಪ್ಪುವುದು ಇದರ ನಂತರ. 5ಕ್ಕಿಂತ ಹೆಚ್ಚು ಮಚ್ಚೆ ಇದ್ದರೆ 12 ತಿಂಗಳ ಎಂಡಿಟಿ, ಅಂದರೆ ಹಲವು ಔಷಧ ಒಟ್ಟಿಗೆ ಕೊಡುವ ಚಿಕಿತ್ಸೆ. ಪ್ಯಾಕ್ ಕೈಗಿಟ್ಟು ಕಳಿಸಿಬಿಡುತ್ತಾರೆ. ಗುಳಿಗೆ ರೋಗಾಣುವನ್ನು ಕೊಲ್ಲುತ್ತದೆ, ಆದರೆ ನರದ ಊತ ಚಿಕಿತ್ಸೆಯ ನಡುವೆಯೂ ಬರುತ್ತದೆ, ಮುಗಿದ ಮೇಲೂ ಬರುತ್ತದೆ. ಅದಕ್ಕೇ ಪ್ರತಿ ತಿಂಗಳೂ ಮೊಣಕೈ ಹಿಂದಿನ ನರವನ್ನು ಮೆಲ್ಲಗೆ ಒತ್ತುತ್ತೇನೆ, ನೋವಾಯಿತೇ ಎಂದು ತಿಳಿಯಲು ಒತ್ತುವಾಗ ಕಣ್ಣು ಅವರ ಮುಖದ ಮೇಲಿರಬೇಕು. ಆ ನರದ ಬಲ ನೋಡಲು ಕಿರುಬೆರಳನ್ನು ಹೊರಕ್ಕೆ ಚಾಚಿಸಿ ನನ್ನ ಬೆರಳಿನಿಂದ ಒಳಕ್ಕೆ ತಳ್ಳುತ್ತೇನೆ. ಹೋದ ತಿಂಗಳು ತಡೆದ ಬೆರಳು ಈಗ ಸೋತರೆ ಅದೇ ವಾರ ನರದ ಊತ ಇಳಿಸುವ ಸ್ಟೀರಾಯ್ಡ್ ಪ್ರೆಡ್ನಿಸೋಲೋನ್ ಶುರುವಾಗಬೇಕು: ವಯಸ್ಕರಿಗೆ ಸಾಮಾನ್ಯವಾಗಿ ದಿನಕ್ಕೆ 40 ಮಿ.ಗ್ರಾಂ.ನಿಂದ, ವೈದ್ಯರ ನಿಗಾದಲ್ಲಿ ಸುಮಾರು 20 ವಾರ ಇಳಿಸುತ್ತಾ. ಸಕ್ಕರೆ, ಬಿಪಿ, ಕ್ಷಯದ ಲಕ್ಷಣ ಮೊದಲೇ ನೋಡಿಕೊಳ್ಳಿ. ನರ ಊದಿತೆಂದು ಎಂಡಿಟಿ ನಿಲ್ಲಿಸುವುದು ದೊಡ್ಡ ತಪ್ಪು. ಆರು ತಿಂಗಳು ದಾಟಿದ ಬಲಹೀನತೆ ಮರಳುವುದು ಕಷ್ಟ.

ಎಂಡಿಟಿಯಲ್ಲಿರುವ ಕ್ಲೋಫಾಜಿಮಿನ್‌ನಿಂದ ಮೈ ಕಪ್ಪಾಗುತ್ತದೆ, ರಿಫಾಂಪಿಸಿನ್ ನುಂಗಿದ ದಿನ ಮೂತ್ರ ಕೆಂಪಾಗುತ್ತದೆ. ಇದನ್ನು ಮೊದಲ ದಿನವೇ ಹೇಳಿ. ಹೇಳದಿದ್ದರೆ ನೆರೆಯವರ ಪ್ರಶ್ನೆಗೆ ಅಂಜಿ ಗುಳಿಗೆ ಬಿಡುತ್ತಾರೆ.

ಜೋಮು ಹಿಡಿದ ಪಾದಕ್ಕೆ ದಿನಾ 20 ನಿಮಿಷ ತಣ್ಣೀರು. ಬಿಸಿನೀರು ಬೇಡವೇ ಬೇಡ, ಸುಟ್ಟರೂ ಅವರಿಗೆ ತಿಳಿಯದು. ದಪ್ಪಗಟ್ಟಿದ ಚರ್ಮವನ್ನು ಕಲ್ಲಿನಿಂದ ಉಜ್ಜಿ, ಒದ್ದೆ ಇರುವಾಗಲೇ ಕೊಬ್ಬರಿ ಎಣ್ಣೆ ಹಚ್ಚಬೇಕು. ಎಂಸಿಆರ್ (ಮೆತ್ತನೆಯ ಮೈಕ್ರೋಸೆಲ್ಯುಲರ್ ರಬ್ಬರ್) ಚಪ್ಪಲಿಗೆ ಹಿಂಬದಿಯ ಪಟ್ಟಿ ಇರಲೇಬೇಕು, ಇಲ್ಲದಿದ್ದರೆ ಕಾಲಿನಿಂದ ಜಾರಿದ್ದು ಗೊತ್ತಾಗದೆ ಬರಿಗಾಲಲ್ಲೇ ನಡೆಯುತ್ತಾರೆ. ಕಿತ್ತುಹೋದರೆ ಹೊಲಿಸಿ, ಮೊಳೆ ಹೊಡೆಸಬೇಡಿ. ಸಂಜೆ ಪಾದ ನೋಡುವ ಮೊದಲು ಚಪ್ಪಲಿಯೊಳಗೆ ಕೈಯಾಡಿಸಿ ನೋಡಬೇಕು. ಕೈಗೂ ಜೋಮಿದ್ದರೆ ಮನೆಯವರೇ ನೋಡಲಿ.