ಪೈಪಿನ ನಡುವೆ ಕುಳಿತ ಆ ಹಿತ್ತಾಳೆ ಸಾಮಾನು ಯಾವುದು?

ಕಾಸರಗೋಡು ಕಡೆಯ ಹಳೆ ಮನೆಗಳಲ್ಲಿ ನೀರು ಒಂದೇ ಕಡೆಯಿಂದ ಬರುವುದು ಕಡಿಮೆ. ಅಂಗಳದಲ್ಲಿ ಬಾವಿ, ಗುಡ್ಡೆಯಲ್ಲಿ ಸುರಂಗ (ನೀರಿಗಾಗಿ ಗುಡ್ಡೆಯೊಳಗೆ ಅಡ್ಡಕ್ಕೆ ಕೊರೆದದ್ದು, ನೀರು ತಾನಾಗಿ ಹರಿದು ಬರುತ್ತದೆ), ತೋಟದಲ್ಲಿ ಬೋರು, ಈಗೀಗ ಜಲಜೀವನ್ ನಳ್ಳಿ. ಒಂದೊಂದು ಕಾಲಕ್ಕೆ ಒಬ್ಬೊಬ್ಬ ಪ್ಲಂಬರ್ ಬಂದು ಅವರವರಿಗೆ ತೋಚಿದ ಹಾಗೆ ಜೋಡಿಸಿ ಹೋಗಿರುತ್ತಾರೆ. ಹಾಗಾಗಿ ಯಾಕಿದೆ ಅಂತ ಯಾರಿಗೂ ಗೊತ್ತಿಲ್ಲದ ಸಾಮಾನು ಒಂದಾದರೂ ಗೋಡೆಯ ಮೇಲೆ ಇದ್ದೇ ಇರುತ್ತದೆ.

ಅದನ್ನು ಕಂಡ ಕೂಡಲೇ ಪೈಪ್ ರೆಂಚ್ ತಂದು ತಿರುಗಿಸುವವರನ್ನು ಬೇಕಾದಷ್ಟು ನೋಡಿದ್ದೇನೆ. ಮೇಲೆ ಟ್ಯಾಂಕಿ ತುಂಬಿದೆ ಅನ್ನುವುದು ಮುಖಕ್ಕೆ ನೀರು ಹಾರಿದ ಮೇಲೆ ನೆನಪಾಗುತ್ತದೆ. ರೆಂಚ್ ಸದ್ಯಕ್ಕೆ ಶೆಡ್ಡಿನಲ್ಲೇ ಇರಲಿ.

ಮೊದಲು ಒರೆಸಿ. ಹಳೆ ಟೂತ್‌ಬ್ರಷ್ಷಿಗೆ ಸ್ವಲ್ಪ ಹುಣಸೆಹುಳಿ ಹಚ್ಚಿ ಉಜ್ಜಿದರೆ ಹಸಿರು ಕಿಲುಬು ಹೋಗಿ ಅಚ್ಚು ಕಾಣುತ್ತದೆ. ಹುಡುಕಬೇಕಾದ್ದು ಬಾಣದ ಗುರುತು. ಬಾಣ ಇದ್ದರೆ ನೀರು ಆ ದಿಕ್ಕಿಗೆ ಹೋಗಬೇಕು ಅಂತ ಅರ್ಥ. 15, 20, 25 ಅಂತ ಇದ್ದರೆ ಅದು ಅಳತೆ: ಅರ್ಧ, ಮುಕ್ಕಾಲು, ಒಂದು ಇಂಚು.

ಇನ್ನು ಪೈಪಿನ ದಾರಿ ಹಿಡಿಯುವುದು. ಎಲ್ಲರೂ ಎಡವುವುದು ಇಲ್ಲೇ. ಸಾಮಾನಿನ ಮುಖ ನೋಡಿ ಹೆಸರು ಹೇಳಲು ಹೋಗುತ್ತಾರೆ. ಹೊರಗಿಂದ ಒಂದೇ ಥರ ಕಾಣುವ ಸಾಮಾನುಗಳು ಎಷ್ಟೋ ಇವೆ. ಅದು ಎಲ್ಲಿ ಕುಳಿತಿದೆ, ಯಾವ ನೀರು ಯಾವ ಕಡೆಯಿಂದ ಬರುತ್ತದೆ ಅನ್ನುವುದು ಗೊತ್ತಾದರೆ ಅರ್ಧ ಕೆಲಸ ಮುಗಿಯಿತು. ಟ್ಯಾಂಕಿಯಿಂದಲೇ ಶುರು ಮಾಡಿ. ಸಾಮಾನ್ಯವಾಗಿ ಮೇಲ್ಭಾಗಕ್ಕೆ ಬಂದು ಸೇರುವುದು ತುಂಬಿಸುವ ಪೈಪು, ತಳದಿಂದ ಹೊರಡುವುದು ಮನೆಗೆ ಹೋಗುವ ಪೈಪು, ಮೇಲಂಚಿನಲ್ಲಿ ಮೋಟಾಗಿ ಹೊರಗೆ ಚಾಚಿದ್ದು ಓವರ್‌ಫ್ಲೋ. ಈಗ ಎಲ್ಲ ಮೋಟಾರು ಬಂದ್ ಮಾಡಿ, ಒಂದನ್ನು ಮಾತ್ರ ಹಾಕಿ. ಪೈಪುಗಳ ಮೇಲೆ ಒಂದೊಂದಾಗಿ ಅಂಗೈ ಇಡುತ್ತಾ ಹೋಗಿ. ನಡುಗುವುದು ಆ ಮೋಟಾರಿನ ಪೈಪು. ಸೀಮೆಸುಣ್ಣದಲ್ಲಿ ಗುರುತು ಹಾಕಿ, ಮುಂದಿನ ಮೋಟಾರಿಗೆ ಹೋಗಿ. ಸುರಂಗದ ನೀರಿಗೆ ಮೋಟಾರು ಇಲ್ಲ ಅಲ್ವಾ, ಅಲ್ಲಿ ಕೈ ಸಾಲದು, ಕಿವಿ ಬೇಕು. ಉದ್ದನೆ ಸ್ಕ್ರೂಡ್ರೈವರಿನ ತುದಿಯನ್ನು ಪೈಪಿಗೆ ಒತ್ತಿ, ಹಿಡಿಯನ್ನು ಕಿವಿಯ ಹಿಂದಿನ ಎಲುಬಿಗೆ ತಾಗಿಸಿ. ಒಳಗೆ ನೀರು ಹರಿಯುತ್ತಿದ್ದರೆ ಸುಯ್ ಅನ್ನುವುದು ಸ್ಪಷ್ಟವಾಗಿ ಕೇಳುತ್ತದೆ. ಪೈಪು ಮುರಕಲ್ಲಿನ ಗೋಡೆಯೊಳಗೆ ಮಾಯವಾಯಿತೇ? ಆಚೆ ಬದಿಯಲ್ಲಿ ಅದೇ ನಡುಕ, ಅದೇ ಸದ್ದು ಹುಡುಕಿ.

ಮೋಟಾರು ನಿಲ್ಲಿಸುವಾಗ ಆ ಸಾಮಾನಿನ ಪಕ್ಕದಲ್ಲಿ ಒಬ್ಬರನ್ನು ನಿಲ್ಲಿಸಿ. ಸ್ವಿಚ್ ತೆಗೆದ ಕ್ಷಣದಲ್ಲಿ ಒಳಗಿಂದ "ಟಕ್" ಅಂದರೆ, ಮೇಲೆ ಹಿಡಿಯೂ ಇಲ್ಲದಿದ್ದರೆ, ಅದು ಎನ್‌ಆರ್‌ವಿ. ಹೋದ ನೀರನ್ನು ವಾಪಸು ಬರಲು ಬಿಡದ ವಾಲ್ವ್. ಬಾವಿ, ಬೋರು ಎರಡೂ ಒಂದೇ ಪೈಪಿಗೆ ಸೇರುವ ಕಡೆ ಇದು ಇರಲೇಬೇಕು. ಇಲ್ಲದಿದ್ದರೆ ಬೋರಿನ ನೀರು ಟ್ಯಾಂಕಿಗೆ ಏರುವ ಬದಲು ಬಾವಿಗೆ ಇಳಿಯಬಹುದು. ಬೋರು ಓಡುವಾಗ, ನಿಂತಿರುವ ಬಾವಿ ಪೈಪಿನಲ್ಲಿ ಸದ್ದು ಕೇಳಿದರೆ ವಾಲ್ವ್ ಕೆಟ್ಟಿದೆ ಅಂತ ಲೆಕ್ಕ. ಹೊಸತು ಹಾಕುವುದಾದರೆ ಹಿತ್ತಾಳೆಯದ್ದೇ ತನ್ನಿ. ಅಗ್ಗದ ಪ್ಲಾಸ್ಟಿಕ್ಕಿನದು ಸುಮ್ನೆ ದಂಡ. ಬಾಣ ಉಲ್ಟಾ ಕೂರಿಸಿದರೆ ಮೋಟಾರು ಓಡುತ್ತದೆ, ನೀರು ಮಾತ್ರ ಬರುವುದಿಲ್ಲ.

ಉಳಿದವು ಸುಲಭ. ಉದ್ದನೆ ಹಿಡಿ ಇದ್ದರೆ ಬಾಲ್ ವಾಲ್ವ್: ಹಿಡಿ ಪೈಪಿನ ಉದ್ದಕ್ಕಿದ್ದರೆ ತೆರೆದಿದೆ, ಅಡ್ಡಕ್ಕಿದ್ದರೆ ಮುಚ್ಚಿದೆ. ದುಂಡನೆ ಚಕ್ರ ಇದ್ದರೆ ಗೇಟ್ ವಾಲ್ವ್. ವರ್ಷಗಟ್ಟಲೆ ಮುಟ್ಟದ ಗೇಟ್ ವಾಲ್ವಿಗೆ ಜೋರು ಮಾಡಬೇಡಿ, ಒಳಗಿನ ಕಡ್ಡಿ ಮುರಿಯುತ್ತದೆ. ಅತ್ತಿತ್ತ ಸ್ವಲ್ಪ ಸ್ವಲ್ಪವೇ ಆಡಿಸಿ. ಪೈಪಿನಿಂದ ಓರೆಯಾಗಿ ಒಂದು ಗಿಡ್ಡ ಕಾಲು ಇಳಿದು, ತುದಿಗೆ ಬಿರಡೆ ಇದ್ದರೆ ಅದು ಕಸ ಹಿಡಿಯುವ ಸ್ಟ್ರೈನರ್. ಒಳಗೆ ಜಾಲರಿ ಇರುತ್ತದೆ. ನೀರು ಸಣ್ಣಗಾಗಿದ್ದರೆ ಮೊದಲ ಅನುಮಾನ ಇದರ ಮೇಲೆ ಇರಲಿ, ಆದರೆ ನೀರು ಬರುವ ಕಡೆಯ ವಾಲ್ವ್ ಮುಚ್ಚದೆ ಬಿರಡೆ ತೆಗೆಯಬೇಡಿ. ದಪ್ಪ ಆರು ಮೂಲೆಯ ನಟ್ಟು ಮಾತ್ರ ಇದ್ದರೆ ಯೂನಿಯನ್, ಪೈಪು ಬಿಚ್ಚಲು ಇಟ್ಟದ್ದು, ಅಷ್ಟೇ.

ಪೈವಳಿಕೆ, ಎಣ್ಮಕಜೆ ಕಡೆ ಸುರಂಗದ ಪೈಪು ಗುಡ್ಡದ ಏರುತಗ್ಗಿನಲ್ಲಿ ಬರುವಾಗ ನಡುವೆ ಒಂದು ಸಣ್ಣ ಪೈಪು ಮೇಲಕ್ಕೆ ನಿಂತಿದ್ದರೆ ಅಡ್ಡಿ ಅಂತ ಕತ್ತರಿಸಬೇಡಿ. ಏರಿನ ತಲೆಯಲ್ಲಿ ಗಾಳಿ ಕಟ್ಟಿದರೆ ನೀರು ನಿಲ್ಲುತ್ತದೆ. ಆ ಗಾಳಿ ಹೋಗಲು ಇಟ್ಟ ದಾರಿ ಅದು.

ಗೀಸರಿನ ತಣ್ಣೀರು ಪೈಪಿನಲ್ಲಿರುವ ಪುಟ್ಟ ವಾಲ್ವ್ ಮಾತ್ರ ತಮಾಷೆಯಲ್ಲ. ನೀರು ಕಾಯುವಾಗ ಹಿಗ್ಗುತ್ತದೆ, ಆಗ ಅದರಿಂದ ತೊಟ್ಟು ತೊಟ್ಟು ಬೀಳುವುದು ಸಹಜ. ಸೋರುತ್ತದೆ ಅಂತ ಎಪಾಕ್ಸಿ ಮುದ್ದೆ ಮೆತ್ತಿ ಮುಚ್ಚುವವರಿದ್ದಾರೆ. ಒಳಗಿನ ಒತ್ತಡಕ್ಕೆ ಹೋಗಲು ಬೇರೆ ದಾರಿ ಇಲ್ಲದಿದ್ದರೆ ಗೀಸರೇ ಸಿಡಿಯಬಹುದು. ತೊಟ್ಟಿಕ್ಕುವುದು ನಿಲ್ಲದೇ ಇದ್ದರೆ ಪ್ಲಂಬರನ್ನು ಕರೆಯಿರಿ.

ಇಷ್ಟಾದರೂ ಗೊತ್ತಾಗದಿದ್ದರೆ ಫೋಟೋ ತೆಗೆದು ಪೇಟೆಯ ಹಾರ್ಡ್‌ವೇರ್ ಅಂಗಡಿಗೆ ಹೋಗಿ. ಸಾಮಾನಿನದೊಂದೇ ಫೋಟೋ ಸಾಲದು, ಎರಡೂ ಬದಿಯ ಪೈಪು ಸೇರಿಸಿ ತೆಗೆಯಿರಿ. ಹೆಸರು ತಿಳಿದ ಮೇಲೆ ಪೈಪಿನ ಮೇಲೆ ಪೈಂಟಿನಲ್ಲೇ ಬರೆದಿಡಿ: ಬಾವಿ, ಬೋರು, ಸುರಂಗ. ಮಾರ್ಕರ್ ಪೆನ್ನಿನಲ್ಲಿ ಬರೆದದ್ದು ಇಲ್ಲಿಯ ಮಳೆಗೆ ನಿಲ್ಲುವುದಿಲ್ಲ.