ಹಳೇ ಕಾರು ಮಿಸ್‌ಫೈರ್ ಆಗುತ್ತಿದೆಯಾ? ಮೊದಲು ಕಾಯಿಲ್ ಅದಲು ಬದಲು ಮಾಡಿ ನೋಡಿ

ಎರಡು ಲಕ್ಷ ಕಿಲೋಮೀಟರ್ ದಾಟಿದ ನನ್ನ ಪೆಟ್ರೋಲ್ ಕಾರು ಐಡಲ್‌ನಲ್ಲಿ (ನಿಂತಲ್ಲೇ ಎಂಜಿನ್ ಓಡುವಾಗ) ಗಡಗಡ ನಡುಗುತ್ತಿತ್ತು. ಗ್ಯಾರೇಜಿನವರು ಬಾನೆಟ್ ಎತ್ತುವ ಮೊದಲೇ ಪೆಟ್ರೋಲ್ ಚಿಮ್ಮಿಸುವ ಇಂಜೆಕ್ಟರ್ ಎಲ್ಲಾ ಬದಲಿಸಬೇಕು ಅಂದರು. ಸುಮ್ನೆ ದುಡ್ಡು ಸುರಿಯೋದು ಯಾಕೆ ಅಂತ ಕಾರಿನ ದೋಷದ ಕೋಡ್ ಓದುವ ಸ್ಕ್ಯಾನರ್ ಹಾಕಿದೆ. ಪಿ0302 ಬಂತು, ಅಂದರೆ ಎರಡನೇ ಸಿಲಿಂಡರಿನಲ್ಲಿ ಮಿಸ್‌ಫೈರ್, ಪೆಟ್ರೋಲ್ ಸರಿಯಾಗಿ ಉರಿಯುತ್ತಿಲ್ಲ.

ಕಿಡಿ ಹಾರಿಸುವ ಪ್ರತಿ ಸ್ಪಾರ್ಕ್ ಪ್ಲಗ್ಗಿಗೂ ಬೇರೆ ಕಾಯಿಲ್ (ಪ್ಲಗ್ಗಿಗೆ ಹೈ ವೋಲ್ಟೇಜ್ ಕೊಡುವ ಭಾಗ) ಇರುವ ಕಾರಾದರೆ ಪರೀಕ್ಷೆ ಸುಲಭ. ಎಂಜಿನ್ ಆಫ್ ಮಾಡಿ, ಎರಡನೇ ಕಾಯಿಲ್ ಮೂರಕ್ಕೆ, ಮೂರರದ್ದು ಎರಡಕ್ಕೆ ಹಾಕಿ. ಕೋಡ್ ಅಳಿಸಿ ಒಂದು ಸುತ್ತು ಓಡಿಸಿ. ಪಿ0303, ಅಂದರೆ ಮೂರನೇ ಸಿಲಿಂಡರಿನ ಕೋಡ್ ಬಂದರೆ ಕಾಯಿಲ್ಲೇ ಕಳ್ಳ.

ನನ್ನದರಲ್ಲಿ ಕೋಡ್ ಜಾಗ ಬಿಡಲಿಲ್ಲ, ಪಿ0302 ಆಗೇ ಉಳಿಯಿತು; ಅಂದರೆ ತಪ್ಪು ಕಾಯಿಲ್‌ದಲ್ಲ. ಪ್ಲಗ್ ಗುಂಡಿಗೆ ಟಾರ್ಚ್ ಬಿಟ್ಟರೆ ಒಳಗೆಲ್ಲ ಆಯಿಲ್! ಎಂಜಿನ್ ಮೇಲ್ಮುಚ್ಚಳದಿಂದ ಆಯಿಲ್ ಸೋರದಂತೆ ತಡೆಯುವ ವಾಲ್ವ್ ಕವರ್ ಗ್ಯಾಸ್ಕೆಟ್ ಒಣಗಿ ಬಿರುಕು ಬಿಟ್ಟಿತ್ತು. ಎಂಜಿನ್ ತಣ್ಣಗಾದ ಮೇಲೆ ಗುಂಡಿಯ ಆಯಿಲ್ ಒರೆಸಿ, ಆಮೇಲೇ ಪ್ಲಗ್ ಬಿಚ್ಚಿ. ಇಲ್ಲದಿದ್ದರೆ ಅಷ್ಟೂ ಸಿಲಿಂಡರಿಗೆ ಇಳಿಯುತ್ತದೆ. ಗ್ಯಾಸ್ಕೆಟ್, ಹೊಸ ಪ್ಲಗ್ ಹಾಕಿದೆ, ನಡುಕ ನಿಂತಿತು.

ಇದರಿಂದಲೂ ಸರಿಹೋಗದಿದ್ದರೆ ಕಂಪ್ರೆಷನ್ ಟೆಸ್ಟ್ (ಪ್ರತಿ ಸಿಲಿಂಡರಿನ ಒತ್ತಡ ಅಳೆಯುವ ಪರೀಕ್ಷೆ) ಮಾಡಿಸಿ. ಕಡಿಮೆ ಬಂದ ಸಿಲಿಂಡರಿಗೆ ಒಂದು ಚಮಚ ಎಂಜಿನ್ ಆಯಿಲ್ ಬಿಟ್ಟು ಮತ್ತೆ ಅಳೆಯಲು ಹೇಳಿ. ಏರಿದರೆ ಪಿಸ್ಟನ್ ರಿಂಗ್ ಸವೆದಿರಬಹುದು, ಏರದಿದ್ದರೆ ವಾಲ್ವ್ ಮೇಲೆ ಅನುಮಾನ.

ಹಾಂ, ಚೆಕ್ ಎಂಜಿನ್ ದೀಪ ಮಿಣಮಿಣ ಅಂತಿದ್ದರೆ ಗಾಡಿ ಓಡಿಸಲೇಬೇಡಿ. ಉರಿಯದ ಪೆಟ್ರೋಲ್ ಹೊಗೆ ಶುದ್ಧ ಮಾಡುವ ಕ್ಯಾಟಲಿಟಿಕ್ ಕನ್ವರ್ಟರಿಗೆ ಹೋಗಿ ಅದನ್ನೂ ಸುಡುತ್ತದೆ. ಅದರ ಖರ್ಚು ಇನ್ನೂ ಜಾಸ್ತಿ.